ಉಪ್ಪುಗಾಳಿಯ ಊರಿನಲ್ಲಿ ಬೇಸ್ ಗಿಟಾರ್: ಆಯ್ಕೆ, ಆರೈಕೆ, ವೇದಿಕೆ

ಬೇಸ್ ಗಿಟಾರ್ ಕೊಳ್ಳುವವರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಣಹವೆಯ ಊರುಗಳಲ್ಲಿ, ಕರೆಂಟು ಸರಿಯಾಗಿರುವ ಸಭಾಂಗಣಗಳಲ್ಲಿ ನುಡಿಸುವವರು ಹೇಳಿದವು. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಾಗಲಿ ಈ ವಾದ್ಯ ಎದುರಿಸಬೇಕಾದ ಪರಿಸ್ಥಿತಿಯೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಕಾಡುವ ತೇವ, ಕಡಲಿನಿಂದ ಬೀಸುವ ಉಪ್ಪುಗಾಳಿ, ಬಯಲು ವೇದಿಕೆಗಳಲ್ಲಿ ಏರಿಳಿಯುವ ವಿದ್ಯುತ್ತು, ಈ ಮೂರನ್ನು ಮುಂದಿಟ್ಟುಕೊಂಡೇ ನಮ್ಮ ಜಿಲ್ಲೆಯ ವಾದಕರು ವಾದ್ಯವನ್ನೂ ಅದರ ಜೊತೆಯ ಸಲಕರಣೆಗಳನ್ನೂ ಆರಿಸಬೇಕು. ಕಂಪನಿಯ ಹೆಸರು, ಬಣ್ಣ, ಹೊಳಪುಗಳ ವಿಚಾರ ಅದರ ನಂತರ ಬರಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಯಾವ ವಾದ್ಯ ಕೊಳ್ಳಬೇಕು

ಲಿಯೊ ಫೆಂಡರ್ 1951ರಲ್ಲಿ ಪ್ರೆಸಿಷನ್ ಬೇಸ್ ಅನ್ನು ಮಾರುಕಟ್ಟೆಗೆ ತಂದಾಗ ಅದಕ್ಕೆ ಗೊತ್ತುಪಡಿಸಿದ 34 ಇಂಚಿನ ತಂತಿಯುದ್ದವೇ ಇಂದಿಗೂ ಬಹುತೇಕ ಬೇಸ್‌ಗಳ ಅಳತೆಯಾಗಿ ಉಳಿದಿದೆ. ನಾಲ್ಕು ತಂತಿಗಳು ದಪ್ಪದಿಂದ ಸಣ್ಣದರ ಕಡೆಗೆ ಇ, ಎ, ಡಿ, ಜಿ ಸ್ವರಗಳಿಗೆ ಶ್ರುತಿಗೊಳ್ಳುತ್ತವೆ. ಎಲ್ಲಕ್ಕಿಂತ ಕೆಳಗಿನ ಇ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಮೊದಲ ಬಾರಿ ಕೊಳ್ಳುವವರು ನಾಲ್ಕು ತಂತಿಯ, ಬ್ಯಾಟರಿ ಬೇಡದ, ನೆಕ್ ಅನ್ನು (ತಂತಿ ಒತ್ತಿ ನುಡಿಸುವ ಉದ್ದನೆಯ ಮರದ ಭಾಗವನ್ನು) ಸ್ಕ್ರೂಗಳಿಂದ ಒಡಲಿಗೆ ಬಿಗಿದಿರುವ ಸಾಮಾನ್ಯ ಬೇಸ್ ಅನ್ನೇ ಆರಿಸುವುದು ಒಳ್ಳೆಯದು. ಅಂಟಿನಿಂದ ಕೂಡಿಸಿದ ನೆಕ್ ತೇವಕ್ಕೆ ತಿರುಚಿಕೊಂಡರೆ ಅದನ್ನು ಸರಿಪಡಿಸುವ ಕುಶಲಕರ್ಮಿಯನ್ನು ಹುಡುಕಿಕೊಂಡು ದೂರದ ಊರಿಗೆ ಹೋಗಬೇಕಾಗುತ್ತದೆ; ಸ್ಕ್ರೂ ಇರುವ ನೆಕ್ ಅನ್ನು ಬಿಚ್ಚಿ ನೋಡಬಹುದು, ಅಗತ್ಯಬಿದ್ದರೆ ಬದಲಿಸಲೂಬಹುದು. ಬ್ಯಾಟರಿ ಇರುವ ಆ್ಯಕ್ಟಿವ್ ಬೇಸ್‌ಗಳು ಕೆಟ್ಟವೇನಲ್ಲ. ಆದರೆ ಅವುಗಳ ಒಳಗಿನ ಚಿಕ್ಕ ಸರ್ಕ್ಯೂಟ್ ಹಲಗೆ ಮತ್ತು ಬ್ಯಾಟರಿಯ ತುದಿಗಳು ಉಪ್ಪುಗಾಳಿಗೆ ಮೊದಲು ಬಲಿಯಾಗುವ ಭಾಗಗಳು ಎಂಬುದನ್ನು ತಿಳಿದೇ ಖರೀದಿಸಬೇಕು.

ಐದು ತಂತಿಯ ಬೇಸ್ ಬಗ್ಗೆ ನಮ್ಮ ಕಡೆಯ ರಸಮಂಜರಿ ತಂಡಗಳಲ್ಲಿ ಆಸೆ ಹೆಚ್ಚು. ಅದಕ್ಕೆ ಕಾರಣವೂ ಇದೆ. ಗಾಯಕರ ಕಂಠಕ್ಕೆ ತಕ್ಕಂತೆ ಸಿನಿಮಾ ಹಾಡಿನ ಶ್ರುತಿ ಇಳಿಸಿದಾಗ ಮೂಲ ಹಾಡಿನ ಕೆಳಗಿನ ಸ್ವರಗಳು ಇ ತಂತಿಗಿಂತಲೂ ಕೆಳಗೆ ಹೋಗಿಬಿಡುತ್ತವೆ. ಆದರೆ ಐದನೆಯ ಬಿ ತಂತಿಯ ಕಂಪನ ಸೆಕೆಂಡಿಗೆ 31ರ ಸುಮಾರು. ಅದನ್ನು ಸ್ಪಷ್ಟವಾಗಿ ಹೊರಡಿಸುವ ಸಬ್ ಸ್ಪೀಕರ್‌ಗಳು ಎಲ್ಲ ಕಾರ್ಯಕ್ರಮಗಳಲ್ಲಿ ಇರುವುದಿಲ್ಲ. ಇ ತಂತಿಯನ್ನು ಡಿಗೆ ಇಳಿಸಿ ನುಡಿಸುವುದನ್ನು ಕಲಿತರೆ ಹೆಚ್ಚಿನ ಹಾಡುಗಳು ನಾಲ್ಕೇ ತಂತಿಯಲ್ಲಿ ಮುಗಿಯುತ್ತವೆ. ಕೈ ಚಿಕ್ಕದಾಗಿರುವ ಮಕ್ಕಳಿಗೆ 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್ ತಕ್ಕುದು.

ಲೋಹದ ಭಾಗಗಳ ವಿಷಯದಲ್ಲಿ ಕರಾವಳಿಯವರು ಸ್ವಲ್ಪ ನಿಷ್ಠುರವಾಗಿಯೇ ಯೋಚಿಸಬೇಕು. ಚಿನ್ನದ ಲೇಪ ತೆಳುವಾಗಿರುವುದರಿಂದ ಬೆವರಿಗೆ ಬೇಗ ಸವೆಯುತ್ತದೆ. ಒಳ್ಳೆಯ ಕ್ರೋಮ್ ಲೇಪ ಹೆಚ್ಚು ಕಾಲ ಬಾಳುತ್ತದೆ. ನೆಕ್‌ನ ಮುಂಬದಿಯಲ್ಲಿ ಫ್ರೆಟ್‌ಗಳನ್ನು (ಸ್ವರದ ಜಾಗ ಗುರುತಿಸುವ ಅಡ್ಡ ಲೋಹಪಟ್ಟಿಗಳನ್ನು) ಕೂರಿಸುವ ಫ್ರೆಟ್ ಹಲಗೆಯಾಗಿ ಬರುವ ರೋಸ್‌ವುಡ್‌ಗಳಲ್ಲಿ ಭಾರತೀಯ ಜಾತಿಯದ್ದು ನಮ್ಮ ಪಶ್ಚಿಮ ಘಟ್ಟದ ಬೀಟೆಯೇ. ಎಣ್ಣೆಯಂಶವಿರುವ ಆ ಮರ ನಮ್ಮ ಹವೆಗೆ ಚೆನ್ನಾಗಿ ಹೊಂದುತ್ತದೆ ಎಂಬ ಕಾರಣಕ್ಕೂ ಅದನ್ನು ನಾನು ಮೆಚ್ಚುತ್ತೇನೆ. ಒಟ್ಟು ಹಣದಲ್ಲಿ ಕಾಲು ಭಾಗವನ್ನಾದರೂ ದಪ್ಪ ಮೆತ್ತೆಯ ಬ್ಯಾಗು, ಒಳ್ಳೆಯ ಕೇಬಲ್, ಒಂದು ಜೊತೆ ಹೆಚ್ಚುವರಿ ತಂತಿ ಮತ್ತು ಸೆಟಪ್ ಕೆಲಸಕ್ಕೆ (ನೆಕ್, ತಂತಿಯ ಎತ್ತರ, ಸ್ವರಗಳನ್ನು ಹೊಂದಿಸುವುದಕ್ಕೆ) ಮೀಸಲಿಟ್ಟು, ಉಳಿದುದರಲ್ಲಿ ವಾದ್ಯ ಕೊಳ್ಳಬೇಕು.

ಹಳೆಯ ವಾದ್ಯವನ್ನು ನೋಡುವ ಕ್ರಮ

ಕಾರವಾರದವರಿಗೆ ಮಡಗಾಂವ್ ರೈಲಿನಲ್ಲಿ ಹೋಗಿ ಅದೇ ದಿನ ಮರಳಬಹುದಾದಷ್ಟು ಹತ್ತಿರ. ಶಿರಸಿಯವರಿಗೆ ಹುಬ್ಬಳ್ಳಿ ಹತ್ತಿರ. ಪಾಶ್ಚಾತ್ಯ ಸಂಗೀತದ ದೀರ್ಘ ಪರಂಪರೆ ಇರುವ ಗೋವಾದಲ್ಲಿ ಬಳಸಿದ ವಾದ್ಯಗಳು ಸಿಗುತ್ತವೆ. ಅಂಥ ವಾದ್ಯ ನಮ್ಮದೇ ಹವೆಯಲ್ಲಿ ಹಲವು ಮಳೆಗಾಲಗಳನ್ನು ಕಳೆದಿರುತ್ತದೆ. ಇದರಿಂದ ಮರ ಹೇಗೆ ವರ್ತಿಸುತ್ತದೆಂಬುದು ಮೊದಲೇ ತಿಳಿಯುತ್ತದೆ, ಆದರೆ ಲೋಹ ಮತ್ತು ವೈರಿಂಗ್ ಒಳಗೊಳಗೇ ಕಿಲುಬು ಹಿಡಿದಿರುವ ಸಾಧ್ಯತೆಯೂ ಹೆಚ್ಚು. ಬೆಂಗಳೂರಿನಿಂದ ತರಿಸಿದ ವಾದ್ಯದ ಲೋಹ ಸಾಮಾನ್ಯವಾಗಿ ಹೊಳೆಯುತ್ತಿರುತ್ತದೆ, ಆದರೆ ಅದರ ನೆಕ್ ಕರಾವಳಿಯ ಮೊದಲ ಮಳೆಗಾಲವನ್ನು ಇನ್ನೂ ಕಂಡಿರುವುದಿಲ್ಲ. ಆದ್ದರಿಂದ ಗೋವಾದ ವಾದ್ಯದಲ್ಲಿ ಮುಖ್ಯವಾಗಿ ಲೋಹವನ್ನೂ ಬಯಲುಸೀಮೆಯ ವಾದ್ಯದಲ್ಲಿ ಮುಖ್ಯವಾಗಿ ನೆಕ್ ಅನ್ನೂ ಪರೀಕ್ಷಿಸಬೇಕು.

ನೆಕ್ ಪರೀಕ್ಷೆಗೆ ವಾದ್ಯವನ್ನು ಶ್ರುತಿ ಮಾಡಿ, ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ನೆಕ್ ಒಡಲಿಗೆ ಕೂಡುವ ಕಡೆಯ ಫ್ರೆಟ್‌ನಲ್ಲೂ ಏಕಕಾಲಕ್ಕೆ ಒತ್ತಿ ಹಿಡಿಯಬೇಕು. ಆಗ ಏಳು ಅಥವಾ ಎಂಟನೆಯ ಫ್ರೆಟ್ ಮತ್ತು ತಂತಿಯ ನಡುವೆ ಸುಮಾರು 0.3 ಮಿ.ಮೀ. ಅಂತರ, ಅಂದರೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಜಾಗ ಇದ್ದರೆ ನೆಕ್ ಸರಿಯಾಗಿದೆ ಎಂದು ತಿಳಿಯಬಹುದು. ಅಂತರ ತೀರಾ ಹೆಚ್ಚಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ನೆಕ್‌ನ ಒಳಗಿರುವ ಟ್ರಸ್ ರಾಡ್ ಎಂಬ ಲೋಹದ ಸರಳಿನಿಂದ ಸರಿಪಡಿಸಲು ಸಾಧ್ಯವಿದೆ, ಆದರೆ ಆ ರಾಡ್ ತಿರುಗುತ್ತದೆಯೇ ಎಂಬುದನ್ನು ಮಾರುವವರ ಮುಂದೆಯೇ ನೋಡಿಕೊಳ್ಳಬೇಕು. ತುಕ್ಕು ಹಿಡಿದು ಜಾಮ್ ಆದ ಅಥವಾ ಎಲನ್ ಕೀ ಕೂರುವ ತೂತು ಸವೆದುಹೋದ ರಾಡ್ ಇರುವ ವಾದ್ಯವನ್ನು ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ಬಿಡುವುದು ಲೇಸು. ತುದಿಯಿಂದ ಕಣ್ಣಿಟ್ಟು ನೋಡಿದಾಗ ನೆಕ್‌ನ ಒಂದು ಅಂಚು ಮೇಲಕ್ಕೂ ಇನ್ನೊಂದು ಕೆಳಕ್ಕೂ ತಿರುಚಿಕೊಂಡಂತೆ ಕಂಡರೆ ಅದನ್ನೂ ಬಿಡಬೇಕು. ತಿರುಚನ್ನು ರಾಡ್ ಸರಿಪಡಿಸಲಾರದು.

ಅನಂತರ ಪ್ರತಿ ತಂತಿಯನ್ನು ಪ್ರತಿ ಫ್ರೆಟ್‌ನಲ್ಲೂ ನುಡಿಸಿ ಕೇಳಬೇಕು, ಎಷ್ಟೇ ಹೊತ್ತು ಹಿಡಿದರೂ ಚಿಂತೆಯಿಲ್ಲ. ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಜೋಡಿಸಿ ಪ್ರತಿ ನಾಬ್ ತಿರುಗಿಸಿದಾಗ ಕರಕರ ಸದ್ದು ಬಂದರೆ ಅದು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಹೋಗಬಹುದಾದ ಸಣ್ಣ ದೋಷ. ಹಿಂಬದಿಯ ಮುಚ್ಚಳ ತೆಗೆದು ನೋಡಿದಾಗ ಬೆಸುಗೆಯ ಮೇಲೆ ಹಸಿರು ಪುಡಿ ಕಟ್ಟಿದ್ದರೆ ವೈರಿಂಗ್ ಪೂರ್ತಿ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಒಡಲಿನ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಜ್‌ನಲ್ಲಿ ತಂತಿಯ ಎತ್ತರ ಹೊಂದಿಸುವ ಪುಟ್ಟ ಸ್ಕ್ರೂಗಳು ಒಂದೊಂದೂ ಅಲುಗಾಡಬೇಕು. ಕರಾವಳಿಯ ಹಳೆಯ ಬೇಸ್‌ಗಳಲ್ಲಿ ಮೊದಲು ತುಕ್ಕು ಹಿಡಿದು ಕಚ್ಚಿಕೊಳ್ಳುವುದು ಅವೇ.

ಉಪ್ಪು ಮತ್ತು ಮಳೆಗಾಲ

ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಶೇ. 75 ದಾಟಿದಾಗ ಉಪ್ಪಿನ ಕಣ ಗಾಳಿಯಿಂದಲೇ ನೀರನ್ನು ಎಳೆದುಕೊಂಡು ಕರಗಿ ತೆಳುವಾದ ಉಪ್ಪುನೀರಿನ ಪದರವಾಗುತ್ತದೆ. ಕಾರವಾರದಲ್ಲಿ ಮಳೆಗಾಲದುದ್ದಕ್ಕೂ ತೇವಾಂಶ ಈ ಮಿತಿಯ ಮೇಲೇ ಇರುತ್ತದೆ. ಹೀಗಾಗಿ ನುಡಿಸಿದ ನಂತರ ತಂತಿಯ ಮೇಲೆ ಉಳಿದ ಬೆವರಿನ ಉಪ್ಪು, ಕಿಟಕಿಯಿಂದ ಬಂದು ಕೂತ ಕಡಲಿನ ಉಪ್ಪು, ಎರಡೂ ರಾತ್ರಿಯಿಡೀ ಒದ್ದೆಯಾಗಿಯೇ ಇದ್ದು ಉಕ್ಕನ್ನು ತಿನ್ನುತ್ತವೆ. ವಾದ್ಯವನ್ನು ಬದಿಗಿಡುವ ಮುನ್ನ ಒಣ ಹತ್ತಿಬಟ್ಟೆಯಿಂದ ಪ್ರತಿ ತಂತಿಯನ್ನು ಮೇಲೂ ಕೆಳಗೂ ಹಿಡಿದು ಒರೆಸುವುದು, ಬ್ರಿಜ್ ಮತ್ತು ಪಿಕಪ್‌ಗಳ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಭಾಗಗಳ) ಮೇಲ್ಭಾಗವನ್ನು ಒರೆಸುವುದು, ಇಷ್ಟನ್ನು ತಪ್ಪದೆ ಮಾಡಿದರೆ ಅರ್ಧಕ್ಕಿಂತ ಹೆಚ್ಚಿನ ಆರೈಕೆ ಮುಗಿದಂತೆ. ಹಳೆಯ ಬನಿಯನ್ ಬಟ್ಟೆ ಈ ಕೆಲಸಕ್ಕೆ ಸಾಕು.

ಸಾಮಾನ್ಯವಾಗಿ ಸಿಗುವ ತಂತಿಗಳು ನಿಕ್ಕಲ್ ಲೇಪಿತ ಉಕ್ಕಿನವು. ಸ್ಟೇನ್‌ಲೆಸ್ ಸ್ಟೀಲ್ ಸುತ್ತಿದ ತಂತಿಗಳು ತುಕ್ಕನ್ನು ಹೆಚ್ಚು ತಡೆಯುತ್ತವೆ, ಆದರೆ ಅವುಗಳ ನಾದ ತೀಕ್ಷ್ಣ ಮತ್ತು ಅವು ಫ್ರೆಟ್‌ಗಳನ್ನು ಬೇಗ ಸವೆಸುತ್ತವೆ. ತೆಳುವಾದ ಪಾಲಿಮರ್ ಲೇಪವಿರುವ ತಂತಿಗಳ ಬೆಲೆ ಹೆಚ್ಚಾದರೂ ಸಮುದ್ರತೀರದ ವಾದಕರಿಗೆ ಆ ಖರ್ಚು ವ್ಯರ್ಥವಲ್ಲ. ನನ್ನ ಮೆಚ್ಚಿನದು ಮಾತ್ರ ಚಪ್ಪಟೆ ಸುತ್ತಿನ ಫ್ಲಾಟ್‌ವೂಂಡ್ ತಂತಿ. ಅದರ ಸುತ್ತುಗಳ ನಡುವೆ ಕೊಳೆ ಮತ್ತು ಉಪ್ಪು ಕೂರಲು ಸಂದು ಕಡಿಮೆ. ಹಳತಾದಷ್ಟೂ ಅದರ ನಾದ ಮಂದವಾಗಿ ಗಟ್ಟಿಯಾಗುತ್ತದೆ. ಅಮೆರಿಕದ ಮೋಟೌನ್ ಕಂಪನಿಯ ಧ್ವನಿಮುದ್ರಣಗಳಲ್ಲಿ ನುಡಿಸಿದ ಜೇಮ್ಸ್ ಜೇಮರ್ಸನ್ ಅವರು ತಮ್ಮ ಪ್ರೆಸಿಷನ್ ಬೇಸ್‌ಗೆ ಇಂಥ ತಂತಿಗಳನ್ನೇ ಹಾಕಿ ತೀರಾ ಅಪರೂಪಕ್ಕೆ ಬದಲಿಸುತ್ತಿದ್ದುದು ಪ್ರಸಿದ್ಧ. ಹಳೆಯ ಕನ್ನಡ ಚಿತ್ರಗೀತೆಗಳನ್ನು ಹೆಚ್ಚಾಗಿ ನುಡಿಸುವ ತಂಡಕ್ಕೆ ಈ ನಾದ ಬಹಳ ಒಪ್ಪುತ್ತದೆ.

ಮರದ ಮಾತಿಗೆ ಬಂದರೆ, ಅದಕ್ಕೆ ಹಿತವಾದ ತೇವಾಂಶ ಶೇ. 45ರಿಂದ 55. ನಮ್ಮ ಮನೆಗಳಲ್ಲಿ ಆಷಾಢ, ಶ್ರಾವಣದಲ್ಲಿ ಅದನ್ನು ಸಾಧಿಸುವುದು ಸಾಧ್ಯವಿಲ್ಲವಾದರೂ ಶೇ. 65ರ ಆಸುಪಾಸಿಗೆ ತರಲು ಪ್ರಯತ್ನಿಸಬಹುದು. ಕೆಲವು ನೂರು ರೂಪಾಯಿಗೆ ಸಿಗುವ ತೇವಮಾಪಕವನ್ನು ವಾದ್ಯದ ಪಕ್ಕದಲ್ಲೇ ಇಟ್ಟುಕೊಂಡರೆ ಊಹೆಯ ಅಗತ್ಯ ಉಳಿಯುವುದಿಲ್ಲ. ಚಿರೆಕಲ್ಲಿನ ಗೋಡೆಗಳು ಮಳೆಗಾಲದಲ್ಲಿ ತೇವ ಹೀರಿ ಒಳಕ್ಕೆ ಬಿಡುತ್ತವೆ. ಹೊರಗೋಡೆಗೆ ತಾಗಿಸಿ ಅಥವಾ ನೆಲಕ್ಕೆ ತಾಗಿಸಿ ಬ್ಯಾಗನ್ನು ಇಡಲೇಬಾರದು, ಏಕೆಂದರೆ ಬೂಷ್ಟಿನ ಜೊತೆಗೆ ಒರಲೆಯ ಭಯವೂ ಇದೆ. ಒಳಗೋಡೆಗೆ ತೂಗುಹಾಕುವುದು ಅಥವಾ ಮಣೆಯ ಮೇಲೆ ಸ್ಟ್ಯಾಂಡ್ ಇಟ್ಟು ಫ್ಯಾನ್ ಗಾಳಿ ಸೋಕುವಂತೆ ನಿಲ್ಲಿಸುವುದು ಉತ್ತಮ. ಶಿರಸಿ ಸೀಮೆಯ ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಬೆಚ್ಚಗೆ, ಒಣಗಿಕೊಂಡು ಇರುತ್ತದೆಂದು ವಾದ್ಯವನ್ನು ಅಲ್ಲಿಡುವ ಮನಸ್ಸಾಗಬಹುದು. ಅಡಿಕೆಗೆ ಹಿತವಾದ ಆ ಶಾಖ ಮತ್ತು ಹೊಗೆ ನೆಕ್‌ನ ಅಂಟಿಗೂ ಮೇಲಿನ ಪಾಲಿಶಿಗೂ ಹಿತವಲ್ಲ.

ಗಟ್ಟಿ ಪೆಟ್ಟಿಗೆ ಇದ್ದರೆ ಅದರೊಳಗೆ ಅರ್ಧ ಕಿಲೋದಷ್ಟು ಸಿಲಿಕಾ ಜೆಲ್ ಅನ್ನು ಬಟ್ಟೆಯ ಚೀಲದಲ್ಲಿ ಕಟ್ಟಿಡಬೇಕು. ಬಣ್ಣ ಬದಲಿಸುವ ಕಣಗಳಲ್ಲಿ ನೀಲಿಯದಕ್ಕೆ ವಿಷಕಾರಿ ಕೋಬಾಲ್ಟ್ ಸೇರಿಸಿರುತ್ತಾರಾದ್ದರಿಂದ ಮಕ್ಕಳಿರುವ ಮನೆಯಲ್ಲಿ ಕಿತ್ತಳೆ ಬಣ್ಣದ್ದೇ ಇರಲಿ. ತೇವ ಹೀರಿದ ಜೆಲ್ ಅನ್ನು 120 ಡಿಗ್ರಿ ಓವನ್‌ನಲ್ಲಿ ಒಂದೆರಡು ಗಂಟೆ ಒಣಗಿಸಿ ಮತ್ತೆ ಬಳಸಬಹುದು, ಅದಕ್ಕೆ ಅಡುಗೆಗೆ ಬಳಸದ ಬೇರೆ ತಟ್ಟೆ ಬೇಕು. ಕಾರ್ಯಕ್ರಮ ಮುಗಿಸಿ ಬಂದ ಕೂಡಲೇ ಬೆವರಿನ ವಾದ್ಯವನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ. ಪೆಟ್ಟಿಗೆಯ ಸ್ಪಂಜು ಆ ತೇವವನ್ನು ದಿನಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಚರ್ಮದ ಪಟ್ಟಿಗೆ ಬೇಗ ಬೂಷ್ಟು ಬರುವುದರಿಂದ ನೈಲಾನ್ ಪಟ್ಟಿ ಒಳ್ಳೆಯದು. ನುಸಿಗುಳಿಗೆ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ಬ್ಯಾಗಿನಲ್ಲಿ ಅದನ್ನು ಹಾಕದಿರುವುದೇ ಕ್ಷೇಮ. ಫ್ರೆಟ್ ಹಲಗೆಗೆ ತೆಂಗಿನೆಣ್ಣೆ ಹಚ್ಚುವ ರೂಢಿಯನ್ನೂ ಬಿಡಬೇಕು. ಅದು ಮುಗ್ಗಿ ಅಂಟಾಗುತ್ತದೆ. ಪಾಲಿಶ್ ಇಲ್ಲದ ಬೀಟೆ ಹಲಗೆಗೆ ವರ್ಷಕ್ಕೊಮ್ಮೆ, ಒಣಗಾಳಿಯ ದಿನಗಳಲ್ಲಿ, ಕೆಲವೇ ಹನಿ ಮಿನರಲ್ ಆಯಿಲ್ ಸಾಕು. ಪಾಲಿಶ್ ಮಾಡಿದ ಮೇಪಲ್ ಹಲಗೆಗೆ ಅದೂ ಬೇಡ. ಬ್ರಿಜ್‌ನ ಸ್ಕ್ರೂಗಳಿಗೆ ಮೇ ತಿಂಗಳ ಕೊನೆಯಲ್ಲಿ ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಿಂದ ಒಂದೊಂದು ಹನಿ ಬಿಟ್ಟರೆ ಇಡೀ ಮಳೆಗಾಲ ಅವು ಕಚ್ಚಿಕೊಳ್ಳುವುದಿಲ್ಲ.

ಮಳೆಗಾಲಕ್ಕೆಂದು ತಂತಿಗಳನ್ನು ಪೂರ್ತಿ ಸಡಿಲಿಸಿಡುವವರಿದ್ದಾರೆ. ನಾಲ್ಕು ತಂತಿಗಳು ಸೇರಿ 70 ಕಿಲೋಗೂ ಹೆಚ್ಚಿನ ಎಳೆತ ಹಾಕುತ್ತವೆ, ಅದಕ್ಕೆ ಎದುರಾಗಿ ಟ್ರಸ್ ರಾಡ್ ಬಿಗಿಯಲ್ಪಟ್ಟಿರುತ್ತದೆ. ಒಂದನ್ನು ಪೂರ್ತಿ ತೆಗೆದರೆ ಇನ್ನೊಂದರ ಒತ್ತಡಕ್ಕೆ ನೆಕ್ ಹಿಂದಕ್ಕೆ ಬಾಗುತ್ತದೆ. ಶ್ರುತಿಯಲ್ಲೇ ಇಟ್ಟು ಆಗಾಗ ನುಡಿಸುತ್ತಿರುವುದೇ ಸರಿ. ಜೂನ್ ಕೊನೆಯಲ್ಲೊಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರ್ ಅಥವಾ ನವೆಂಬರ್‌ನಲ್ಲೊಮ್ಮೆ ಮೇಲೆ ಹೇಳಿದ 0.3 ಮಿ.ಮೀ. ಪರೀಕ್ಷೆ ಮಾಡಿ. ರಾಡ್ ಅನ್ನು ಬಲಕ್ಕೆ ತಿರುಗಿಸಿದರೆ ಅಂತರ ಕಡಿಮೆಯಾಗುತ್ತದೆ, ಎಡಕ್ಕೆ ತಿರುಗಿಸಿದರೆ ಹೆಚ್ಚುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಮತ್ತೆ ಶ್ರುತಿ ಮಾಡಿ, ಮರಕ್ಕೆ ಹೊಂದಿಕೊಳ್ಳಲು ಒಂದು ರಾತ್ರಿ ಬಿಟ್ಟು ಪುನಃ ಅಳೆಯಬೇಕು. ಅದಾದ ಮೇಲೆ ಹದಿನೇಳನೆಯ ಫ್ರೆಟ್ ಬಳಿ ತಂತಿಯ ಎತ್ತರವನ್ನು 2ರಿಂದ 2.4 ಮಿ.ಮೀ.ಗೆ ಹೊಂದಿಸಿ, ಹನ್ನೆರಡನೆಯ ಫ್ರೆಟ್ ಒತ್ತಿದಾಗಿನ ಸ್ವರ ಅಲ್ಲಿಯೇ ಮುಟ್ಟಿ ಬಿಟ್ಟಾಗಿನ ಹಾರ್ಮೋನಿಕ್‌ಗಿಂತ ಏರಿದ್ದರೆ ಬ್ರಿಜ್‌ನಲ್ಲಿ ತಂತಿ ಕೂರುವ ಸ್ಯಾಡಲ್ ಅನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಬೇಕು.

ಆಂಪ್‌ಗಿಂತ ಮೊದಲು ಡಿಐ ಬಾಕ್ಸ್

ಕರಾವಳಿ ಉತ್ಸವದಂಥ ದೊಡ್ಡ ವೇದಿಕೆಯಲ್ಲಾಗಲಿ, ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ ನಡೆಯುವ ಮಾರಿಕಾಂಬಾ ಜಾತ್ರೆಯ ದಿನಗಳ ರಸಮಂಜರಿಯಲ್ಲಾಗಲಿ ಜನರಿಗೆ ನಮ್ಮ ಬೇಸ್ ಕೇಳಿಸುವುದು ಮೈಕ್‌ಸೆಟ್‌ನವರ ಸ್ಪೀಕರ್‌ಗಳಿಂದ. ನಮ್ಮ ಆಂಪ್ ಕೆಲಸ ನಮಗೆ ಮತ್ತು ಡ್ರಮ್ ನುಡಿಸುವವರಿಗೆ ಕೇಳಿಸುವುದಷ್ಟೇ. ಆದ್ದರಿಂದ ಭಾರೀ ಸ್ಪೀಕರ್ ಕ್ಯಾಬಿನೆಟ್‌ಗೆ ಹಣ ಸುರಿಯುವ ಮೊದಲು ಗ್ರೌಂಡ್ ಲಿಫ್ಟ್ (ಸಿಗ್ನಲ್ ಕೇಬಲ್‌ನ ಅರ್ಥ್ ಸಂಪರ್ಕವನ್ನಷ್ಟೇ ಕಡಿಯುವ ಸ್ವಿಚ್) ಇರುವ ಒಂದು ಒಳ್ಳೆಯ ಡಿಐ (ಡೈರೆಕ್ಟ್ ಇಂಜೆಕ್ಷನ್) ಬಾಕ್ಸ್ ಕೊಳ್ಳಬೇಕು. ಅದು ಬೇಸ್‌ನ ಸಿಗ್ನಲ್ ಅನ್ನು ಉದ್ದದ ಮೈಕ್ ಕೇಬಲ್‌ನಲ್ಲಿ ಗದ್ದಲವಿಲ್ಲದೆ ಮಿಕ್ಸರ್‌ವರೆಗೆ ಮುಟ್ಟಿಸುತ್ತದೆ. ವಾದ್ಯದಿಂದ ಡಿಐವರೆಗಿನ ಕೇಬಲ್ ಆರು ಮೀಟರ್ ಮೀರದಿರಲಿ. ಪ್ರತ್ಯೇಕ ಹೆಡ್ (ಸ್ಪೀಕರ್ ಇಲ್ಲದ ಆಂಪ್) ಮತ್ತು ಕ್ಯಾಬಿನೆಟ್ ಬಳಸುವವರು ಎರಡು 8 ಓಮ್ ಕ್ಯಾಬಿನೆಟ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 4 ಓಮ್ ಆಗುತ್ತದೆಂಬುದನ್ನೂ, ತಮ್ಮ ಹೆಡ್ ಅದನ್ನು ತಾಳುತ್ತದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಹೆಡ್ ಮತ್ತು ಕ್ಯಾಬಿನೆಟ್‌ಗಳ ನಡುವೆ ಗಿಟಾರ್ ಕೇಬಲ್ ಬಳಸಬಾರದು. ಅದರ ಸಣ್ಣ ತಂತಿ ಬಿಸಿಯಾಗಿ ಆಂಪ್ ಸುಡಬಹುದು. ಸ್ಪೀಕರ್ ಕೇಬಲ್ಲೇ ಬೇಕು.

ಕರೆಂಟು ಮತ್ತು ಅರ್ಥಿಂಗ್

ಇಲ್ಲಿ ಉದಾಸೀನ ಮಾಡಿದರೆ ಪ್ರಾಣವೇ ಹೋಗಬಹುದು. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸೀಯಲ್ಲಿ ಗಿಟಾರ್ ವಾದಕ ಲೆಸ್ ಹಾರ್ವೆ ವೇದಿಕೆಯ ಮೇಲೆಯೇ ಸರಿಯಾಗಿ ಅರ್ಥ್ ಆಗದ ಮೈಕ್ ಮುಟ್ಟಿ ವಿದ್ಯುದಾಘಾತದಿಂದ ತೀರಿಕೊಂಡರು. ಬೇಸ್‌ನ ತಂತಿಗಳು ಬ್ರಿಜ್ ಮೂಲಕ ಆಂಪ್‌ನ ಅರ್ಥ್‌ಗೆ ಜೋಡಿಸಲ್ಪಟ್ಟಿರುತ್ತವೆ. ಆಂಪ್‌ನ ಅರ್ಥ್ ಮತ್ತು ಮೈಕ್‌ಸೆಟ್‌ನ ಅರ್ಥ್ ಬೇರೆ ಬೇರೆಯಾಗಿದ್ದು, ಅವುಗಳಲ್ಲಿ ಒಂದು ಕೆಟ್ಟಿದ್ದರೆ, ತಂತಿ ಹಿಡಿದ ಕೈ ಮತ್ತು ಮೈಕ್ ಮುಟ್ಟಿದ ತುಟಿಯ ನಡುವೆ ನಮ್ಮ ದೇಹವೇ ಕರೆಂಟಿನ ದಾರಿಯಾಗುತ್ತದೆ. ಬರಿಗಾಲಲ್ಲಿ ಒದ್ದೆ ಮರಳಿನ ಮೇಲೆ ನಿಂತು ನುಡಿಸುವ ಕಡಲತೀರದ ಕಾರ್ಯಕ್ರಮಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅಲ್ಲಿ ಒಣ ಪ್ಲೈವುಡ್ ಅಥವಾ ರಬ್ಬರ್ ಚಾಪೆಯ ಮೇಲೆ ಚಪ್ಪಲಿ ಹಾಕಿಕೊಂಡೇ ನಿಲ್ಲಬೇಕು.

ಪ್ರತಿಯೊಬ್ಬ ವಾದಕರ ಬ್ಯಾಗಿನಲ್ಲೂ ಒಂದು ಮಲ್ಟಿಮೀಟರ್ ಇರಬೇಕೆಂದು ನಾನು ಒತ್ತಿ ಹೇಳುತ್ತೇನೆ. ಸಾಕೆಟ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಬರಬೇಕು. ಫೇಸ್ ಮತ್ತು ಅರ್ಥ್ ನಡುವಿನ ಅಳತೆ ತೀರಾ ಕಡಿಮೆ ಬಂದರೆ ಆ ಸಾಕೆಟ್‌ಗೆ ಅರ್ಥ್ ಇಲ್ಲವೆಂದೇ ತಿಳಿಯಬೇಕು. ಕಿಸೆಯ ಟೆಸ್ಟರ್ ಫೇಸ್ ಯಾವುದೆಂದು ತೋರಿಸುತ್ತದೆಯೇ ಹೊರತು ಅರ್ಥ್ ಇದೆಯೇ ಎಂಬುದನ್ನು ತಿಳಿಸುವುದಿಲ್ಲ. ಎಲ್ಲ ಜೋಡಿಸಿ ಆನ್ ಮಾಡಿದ ಮೇಲೆ, ಕೈಯಿಂದ ಮುಟ್ಟುವ ಮೊದಲು, ಮೀಟರಿನ ಒಂದು ಕಡ್ಡಿಯನ್ನು ಬೇಸ್ ತಂತಿಗೂ ಇನ್ನೊಂದನ್ನು ಮೈಕ್‌ನ ಜಾಳಿಗೆಗೂ ತಾಗಿಸಿ ನೋಡಬೇಕು. ಕೆಲವೇ ವೋಲ್ಟ್‌ಗಿಂತ ಹೆಚ್ಚು ಕಂಡರೆ ಸರಿಯಾಗುವವರೆಗೆ ನುಡಿಸಬಾರದು. ಜನರೇಟರ್ ಇದ್ದಲ್ಲಿ ಅರ್ಥ್ ಕಂಬಿ ಎಲ್ಲಿ ಹುಗಿದಿದ್ದೀರಿ ಎಂದು ಸೌಂಡ್‌ನವರನ್ನು ವಿನಯದಿಂದ ಕೇಳಿ ಖಚಿತಪಡಿಸಿಕೊಳ್ಳುವುದರಲ್ಲಿ ಸಂಕೋಚ ಬೇಡ. ಗುಂಯ್ ಎಂಬ ಸದ್ದು ಹೋಗಲೆಂದು ಪ್ಲಗ್‌ನ ಮೂರನೆಯ ಪಿನ್ ಮುರಿಯುವ ಅಭ್ಯಾಸ ಕೊಲೆಗಡುಕ ಅಭ್ಯಾಸ. ಆ ಸದ್ದಿಗೆ ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಸ್ವಿಚ್ಚೇ ಸರಿಯಾದ ಮದ್ದು. 30 ಮಿಲಿ ಆ್ಯಂಪಿಯರ್‌ಗೆ ಕಟ್ ಆಗುವ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಒಂದನ್ನು ತಂಡವೇ ಮಾಡಿಸಿಟ್ಟುಕೊಂಡರೆ ಎಲ್ಲರಿಗೂ ರಕ್ಷಣೆ.

ಸಂಜೆಯ ಹೊತ್ತು ಹಳ್ಳಿಗಳಲ್ಲಿ ವೋಲ್ಟೇಜ್ ಇಳಿಯುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆಂಪ್ ಕೊಳ್ಳುವಾಗ ಹಿಂಬದಿಯ ಪಟ್ಟಿಯಲ್ಲಿ 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ ಅದು ಈ ಏರಿಳಿತವನ್ನು ಚೆನ್ನಾಗಿ ತಾಳುತ್ತದೆ. 230 ಎಂದಷ್ಟೇ ಇದ್ದರೆ ಸ್ಟೆಬಿಲೈಸರ್ ಬೇಕು. ಏಪ್ರಿಲ್, ಮೇ ಮತ್ತು ಅಕ್ಟೋಬರ್ ತಿಂಗಳ ಗುಡುಗು ಮಳೆಯಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

ಸಾಗಣೆ

ಬೈಕಿನ ಹಿಂದೆ ಬೇಸ್ ಹೊತ್ತು ಹೋಗುವವರು ನೆಕ್‌ನ ತುದಿಯ ಹೆಡ್‌ಸ್ಟಾಕ್ ತಲೆಗಿಂತ ಮೇಲೆ ಚಾಚಿರುತ್ತದೆ ಎಂಬುದನ್ನು ರಸ್ತೆಬದಿಯ ಕೊಂಬೆಗಳ ಕೆಳಗೆ ನೆನಪಿಡಬೇಕು. ಬಸ್ಸಿನಲ್ಲಿ ಅದನ್ನು ಡಿಕ್ಕಿಗೆ ಹಾಕದೆ ಕಾಲುಗಳ ನಡುವೆ ನಿಲ್ಲಿಸಿಕೊಂಡು ಬರುವುದು ಕ್ಷೇಮ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಉಷ್ಣತೆ 50 ಡಿಗ್ರಿ ದಾಟುವುದರಿಂದ ಊಟಕ್ಕೆ ಇಳಿದಾಗಲೂ ವಾದ್ಯವನ್ನು ಜೊತೆಗೇ ಒಯ್ಯಬೇಕು. ದೇವಿಮನೆ ಘಟ್ಟ ಹತ್ತಿ ಕುಮಟಾದಿಂದ ಶಿರಸಿಗೆ ಬಂದಾಗ ಹವೆ ಬದಲಾಗಿರುತ್ತದೆ. ಬ್ಯಾಗ್ ತೆರೆದು ಅರ್ಧ ಗಂಟೆ ಬಿಟ್ಟು ಶ್ರುತಿ ಮಾಡಿದರೆ ನಡುವೆ ಮತ್ತೆ ಮತ್ತೆ ತಿರುಪು ತಿರುಗಿಸುವ ಪ್ರಮೇಯ ಬರುವುದಿಲ್ಲ. ಆ್ಯಕ್ಟಿವ್ ಬೇಸ್ ಇದ್ದವರು ನುಡಿಸದಿರುವಾಗ ಕೇಬಲ್ ಕಿತ್ತಿಡಬೇಕು, ಏಕೆಂದರೆ ಕೇಬಲ್ ಚುಚ್ಚಿರುವಷ್ಟು ಹೊತ್ತೂ 9 ವೋಲ್ಟ್ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.

ಗಣೇಶೋತ್ಸವದ ವೇದಿಕೆಯಲ್ಲಿ ಶಾಮಿಯಾನ ಸೋರಿ ಆಂಪ್ ನೆನೆದರೆ, ಕೆಲಸ ಮಾಡುತ್ತಿದೆಯೇ ಎಂದು ನೋಡಲು ಅದನ್ನು ಆನ್ ಮಾಡಬಾರದು. ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ಪ್ಲಗ್ ಕಿತ್ತು, ನೀರು ಬಸಿಯುವಂತೆ ವಾಲಿಸಿಟ್ಟು, ಮನೆಗೆ ತಂದು ಫ್ಯಾನ್ ಗಾಳಿಯಲ್ಲಿ ಹಲವು ದಿನ ಒಣಗಿಸಿ, ಒಳಗೆ ಉಪ್ಪು ಅಥವಾ ಕೆಸರು ಕೂತಿದ್ದರೆ ತಂತ್ರಜ್ಞರಿಂದ ತೊಳೆಸಿದ ನಂತರವೇ ಕರೆಂಟು ಕೊಡಬೇಕು. ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುವುದರಿಂದ ಮುಚ್ಚಳವನ್ನು ನಾವೇ ತೆರೆಯಬಾರದು. ನೆನೆದ ಬೇಸ್ ಅನ್ನು ಒರೆಸಿ, ಹಿಂಬದಿಯ ಮುಚ್ಚಳ ಮತ್ತು ಜ್ಯಾಕ್ ಪ್ಲೇಟ್ ಬಿಚ್ಚಿ, ಬಿಸಿಲಿಗಿಡದೆ ನೆರಳಿನಲ್ಲಿ ಗಾಳಿಗಿಟ್ಟು, ಒಣಗಿದ ಮೇಲೆ ಜ್ಯಾಕ್ ಮತ್ತು ಪಾಟ್‌ಗಳಿಗೆ (ನಾಬ್‌ಗಳ ಕೆಳಗಿನ ನಿಯಂತ್ರಕಗಳಿಗೆ) ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಹಳೆಯ ತಂತಿಗಳನ್ನು ತೆಗೆದು ಹೊಸವನ್ನು ಹಾಕಬೇಕು.